ಸಲಹೆ ಕೊಡಬೇಡಿ ಅಂದರೆ ಹೇಗೆ ಸ್ವಾಮಿ?

ನಮ್ಮ ಕಡೆ ಯಾರಾದರೂ "ಅಯ್ಯೋ, ಮಂಡಿ..." ಅಂತ ಅರ್ಧ ಉಸಿರು ಬಿಟ್ಟರೆ ಸಾಕು, ಅವರು ಕುರ್ಚಿಗೆ ಕೂರುವುದರೊಳಗೆ ಚಿಕಿತ್ಸೆ ಮುಗಿದಿರುತ್ತದೆ. ಒಬ್ಬರು ಮೆಂತ್ಯ ನೆನೆಹಾಕಿ ತಿನ್ನಿ ಅನ್ನುತ್ತಾರೆ. ಇನ್ನೊಬ್ಬರು ಮೆಂತ್ಯ ಮುಟ್ಟಲೇಬೇಡಿ, ಉಷ್ಣ ಅನ್ನುತ್ತಾರೆ. ಮೂರನೆಯವರು ತಮ್ಮ ಷಡ್ಡಕನ ಮಂಡಿಯ ಪೂರ್ವೋತ್ತರವನ್ನು ಆಪರೇಷನ್ ಬಿಲ್ಲಿನ ಸಮೇತ ಬಿಚ್ಚುತ್ತಾರೆ. ನೋವಿದ್ದವರ ಮಾತು ಮಾತ್ರ ಆ ಅರ್ಧ ಉಸಿರಿನಲ್ಲೇ ನಿಂತಿರುತ್ತದೆ. ಅವರಿಗೆ ನಿಜವಾಗಿ ಎಲ್ಲಿ ನೋಯುತ್ತಿತ್ತು, ಯಾವಾಗಿಂದ ಅನ್ನುವುದು ಕೊನೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಈ ವಿದ್ಯೆಯಲ್ಲಿ ನಾನು ಕುವೆಂಪುನಗರದ ನಮ್ಮ ರಸ್ತೆಗೇ ಮೊದಲಿಗಳು. ವೃತ್ತಿಯೆಲ್ಲ ಹೈಸ್ಕೂಲಿನಲ್ಲಿ ಗಣಿತ ಕಲಿಸುವುದರಲ್ಲೇ ಕಳೆದವಳು. ಎದುರಿಗಿರುವವರು ಲೆಕ್ಕ ಓದಿ ಮುಗಿಸುವ ಮುಂಚೆ ಉತ್ತರವನ್ನು ಬೋರ್ಡಿನ ಮೇಲೆ ಬರೆದುಬಿಡುವುದು ಕೈಗೆ ಹತ್ತಿದ ಚಾಳಿ. ನಿವೃತ್ತಿಯಾದ ಮೇಲೆ ಬೋರ್ಡು ಹೋಯಿತು, ಚಾಳಿ ಮನೆಗೆ ಬಂತು.

ಇಂಥವಳನ್ನು ಹುಡುಕಿ ಹುಡುಕಿ 'ಕರುಣಾ ಬಳಗ'ದ ನಾಯಕರ ತರಬೇತಿಗೆ ಕಳಿಸಿದ್ದು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ. ಕಸದ ಗಾಡಿ, ಬೀದಿನಾಯಿ, ಒಳಚರಂಡಿ ಎಲ್ಲ ಮುಗಿದು ಸಭೆ 'ಇತರೆ ವಿಷಯ'ಕ್ಕೆ ಬಂದಿತ್ತು. ಯಾವುದೋ ಸ್ವಯಂಸೇವಾ ಸಂಸ್ಥೆಯಿಂದ ಪತ್ರ: ಕಂಪ್ಯಾಷನ್ ಸರ್ಕಲ್‌ಗಳನ್ನು ಶುರುಮಾಡಿ ಬಾಳಿಸುವುದು ಹೇಗೆ ಅಂತ ಸಮುದಾಯದ ನಾಯಕರಿಗೆ ಕಲಿಸುತ್ತೇವೆ, ಇಬ್ಬರನ್ನು ಕಳಿಸಿಕೊಡಿ, ಮಧ್ಯಾಹ್ನದ ಊಟ ನಮ್ಮದೇ. "ಮನೇಲಿ ಕೆಲಸ ಇಲ್ಲದೆ ಇರೋರು ಯಾರಿದೀರಿ?" ಅಂತ ಅಧ್ಯಕ್ಷರು ಕೇಳಿದರು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. "ಮೇಡಂ ಚೆನ್ನಾಗಿ ಮಾತಾಡ್ತಾರೆ" ಅಂತ ಖಜಾಂಚಿಗಳು ಅನುಮೋದಿಸಿದರು. ಜೊತೆಗೆ ಎದುರುಮನೆಯ ನಿವೃತ್ತ ಎಂಜಿನಿಯರು. ಅವರು ಸಭೆಯಲ್ಲಿ ತೂಕಡಿಸುತ್ತಿದ್ದದ್ದರಿಂದ ಬೇಡ ಅನ್ನಲಾಗಲಿಲ್ಲ.

ತರಬೇತಿಗೆ ಬಂದಾಕೆ ನನ್ನ ಮಗಳ ವಯಸ್ಸಿನ ಹುಡುಗಿ. ಕೇರಳದ ಕೋಳಿಕ್ಕೋಡಿನಲ್ಲಿ ಕೆಲಸ ಕಲಿತು ಬಂದವಳು. ಎಂಟು ಹತ್ತು ಜನ ಸುತ್ತ ಕೂರಬೇಕು, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಒಬ್ಬರು ತಮ್ಮ ಕಷ್ಟ ಹೇಳಿಕೊಳ್ಳುವಾಗ ಉಳಿದವರು ಕೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ. ಇಲ್ಲಿ ಹೇಳಿದ್ದು ಇಲ್ಲೇ ಇರಬೇಕು. ಇಷ್ಟರವರೆಗೆ ನಾನು ತಲೆಯಾಡಿಸುತ್ತಲೇ ಇದ್ದೆ. ಆಮೇಲೆ ಅವಳು ಚಾರ್ಟಿನ ಮೇಲೆ ಕೆಂಪು ಮಾರ್ಕರಿನಲ್ಲಿ ಬರೆದಳು: ಕೇಳದೆ ಸಲಹೆ ಕೊಡಬಾರದು. ನಾನು ತಕ್ಷಣ ಕೈಯೆತ್ತಿ, "ಅದನ್ನ ಹಸಿರಿನಲ್ಲಿ ಬರೀಬೇಕಿತ್ತಮ್ಮ, ಕೆಂಪು ಹಿಂದಿನ ಸಾಲಿನೋರಿಗೆ ಕಾಣಿಸಲ್ಲ" ಅಂದೆ.

ಈ ಕರುಣೆಯ ವಹಿವಾಟಿಗೆ ದೊಡ್ಡ ಚರಿತ್ರೆಯೇ ಇದೆ. ಬ್ರಿಟನ್ನಿನ ಕ್ಯಾರನ್ ಆರ್ಮ್‌ಸ್ಟ್ರಾಂಗ್, ಎಳೆವಯಸ್ಸಿನಲ್ಲಿ ಕ್ರೈಸ್ತ ಸನ್ಯಾಸಿನಿಯಾಗಿದ್ದು, ಮಠ ಬಿಟ್ಟು ಬಂದು, ಲೋಕದ ಧರ್ಮಗಳ ಬಗ್ಗೆ ಬರೆದವರು. 2008ರಲ್ಲಿ ಟೆಡ್ ಬಹುಮಾನ ಬಂದಾಗ ಅವರು ಕೋರಿದ್ದು ಒಂದೇ: ಎಲ್ಲ ಧರ್ಮದವರೂ ಸೇರಿ ಕರುಣೆಯ ಸನ್ನದೊಂದನ್ನು ಬರೆಯಬೇಕು. ಮರುವರ್ಷ ನವೆಂಬರಿನಲ್ಲಿ ಅದು ಹೊರಬಂತು, 2010ರಲ್ಲಿ ಅಮೆರಿಕದ ಸಿಯಾಟಲ್ ನಗರ ತನ್ನನ್ನು ಕರುಣೆಯ ಊರೆಂದು ಘೋಷಿಸಿಕೊಂಡಿತು. ಇತ್ತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕರುಣೆಯನ್ನು ಎಂಟು ವಾರದ ಪಠ್ಯವಾಗಿ ಕಲಿಸಲು ಹೊರಟರು. ಆ ಪಠ್ಯ ರೂಪಿಸಿದವರಲ್ಲಿ ಮುಖ್ಯರು ತುಪ್ತೆನ್ ಜಿನ್ಪಾ. ದಲಾಯಿ ಲಾಮಾ ಅವರ ಮಾತನ್ನು ಇಂಗ್ಲಿಷಿಗೆ ತರುವವರು, ಕೇಂಬ್ರಿಜ್‌ನಲ್ಲಿ ಡಾಕ್ಟರೇಟು ಮಾಡಿದವರು. ಅದಕ್ಕೂ ಮುಂಚೆ ಅವರು ಗೆಶೆ ಪದವಿ ಪಡೆದದ್ದು ನಮ್ಮ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಟಿಬೆಟನ್ನರು ಕಟ್ಟಿಕೊಂಡ ಗಾಂದೆನ್ ಮಠದಲ್ಲಿ.

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ನಮ್ಮೆಜಮಾನರಿಗೆ ವಿವರಿಸಿದೆ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಾತನ್ನೂ ನೋಟಿನಂತೆ ಎರಡೆರಡು ಸಲ ಎಣಿಸಿ ಕೊಡುವವರು. ಚಪಾತಿ ಮುಗಿಸಿ, ಕೈ ತೊಳೆದು ಬಂದು ಹೇಳಿದರು: "ಮುಂಡಗೋಡಿನಿಂದ ಕೇಂಬ್ರಿಜ್ಜಿಗೆ, ಅಲ್ಲಿಂದ ಅಮೆರಿಕಕ್ಕೆ, ಅಲ್ಲಿಂದ ಕುವೆಂಪುನಗರಕ್ಕಾ? ಹುಬ್ಬಳ್ಳೀಲಿ ಬಸ್ ಬದಲಾಯಿಸಿದ್ರೆ ಮಾರನೇ ದಿನಾನೇ ಬರಬಹುದಿತ್ತಲ್ಲೇ."

ತರಬೇತಿಯಲ್ಲಿ ಹೋಂವರ್ಕ್ ಇತ್ತು. ಮನೆಯವರ ಮೇಲೇ ಅಭ್ಯಾಸ ಮಾಡಬೇಕು. ನಾನು ಶಾಲೆಯಲ್ಲಿದ್ದಾಗ ಎಷ್ಟು ಹೋಂವರ್ಕ್ ಕೊಟ್ಟಿದ್ದೇನೋ, ಆ ಮಕ್ಕಳ ನಿಟ್ಟುಸಿರೆಲ್ಲ ಒಟ್ಟಾಗಿ ಬಂದು ತಟ್ಟಿತು.

ಮೊದಲ ಪಾಠ: ಹತ್ತಿರದವರೊಬ್ಬರ ಎದುರು ಕೂತು, ಕಣ್ಣಿನಲ್ಲಿ ಕಣ್ಣಿಟ್ಟು, 'ಹೇಗಿದ್ದೀರಿ?' ಅಂತ ಕೇಳಿ ಸುಮ್ಮನಿರುವುದು. ಯಜಮಾನರು ಪೇಪರು ಓದುತ್ತಿದ್ದರು. ಎದುರಿಗೆ ಕುರ್ಚಿ ಎಳೆದುಕೊಂಡು, ಹುಡುಗಿ ಹೇಳಿಕೊಟ್ಟ ಹದವಾದ ದನಿಯಲ್ಲಿ, "ರೀ, ಹೇಗಿದೀರಿ?" ಅಂದೆ. ಅವರು ಪೇಪರು ಇಳಿಸಿದರು. ನಾನು ನಿಯಮದ ಪ್ರಕಾರ ಸುಮ್ಮನೆ ನೋಡುತ್ತ ಕೂತೆ. ಅವರೂ ನೋಡಿದರು. ನಮ್ಮ ದಾಂಪತ್ಯದಲ್ಲಿ ನಾನು ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಇಲ್ಲವೇ ಇಲ್ಲ. ಅವರ ಮುಖ ಸ್ವಲ್ಪ ಸ್ವಲ್ಪವಾಗಿ ಬಿಳಿಚಿಕೊಂಡಿತು. ಕೊನೆಗೆ ತಡೆಯಲಾಗದೆ, "ಲ್ಯಾಬಿನವರು ನಿಂಗೇನಾದ್ರೂ ಫೋನ್ ಮಾಡಿದ್ರಾ? ರಿಪೋರ್ಟಲ್ಲಿ ಏನಿದೆ, ನೇರವಾಗಿ ಹೇಳಿಬಿಡು" ಅಂದರು. ರಿಪೋರ್ಟು ತಂದು, ಸಕ್ಕರೆ ಎಲ್ಲಿದೆ, ಕೊಲೆಸ್ಟರಾಲ್ ಎಲ್ಲಿದೆ ಅಂತ ಸಾಲುಸಾಲು ತೋರಿಸಿದ ಮೇಲೇ ಅವರ ಬಣ್ಣ ಹಿಂತಿರುಗಿದ್ದು. ತೋರಿಸುವಾಗ ಬೆಳಗಿನ ನಡಿಗೆಯ ಬಗ್ಗೆ ನಾಲ್ಕು ಮಾತು ಹೇಳದೇ ಇರಲು ನನಗೆ ಆಗಲಿಲ್ಲ.

ಎರಡನೆಯದು, ಕೇಳಿಸಿಕೊಂಡದ್ದನ್ನು ಅವರಿಗೇ ತಿರುಗಿ ಹೇಳುವುದು. ಅವರು 'ಸಾಕಾಗಿದೆ' ಅಂದರೆ ನಾವು 'ನಿಮಗೆ ತುಂಬ ಸಾಕಾಗಿದೆ' ಅನ್ನಬೇಕು. ಹಾಗಂದರೆ ಅವರ ಮನಸ್ಸು ಇನ್ನಷ್ಟು ಬಿಚ್ಚಿಕೊಳ್ಳುತ್ತದೆಯಂತೆ. ಪುಣೆಯಲ್ಲಿರುವ ಮಗಳು ಫೋನ್ ಮಾಡಿದಾಗ ಪ್ರಯೋಗಿಸಿದೆ.

"ಅಮ್ಮಾ, ಆಫೀಸಲ್ಲಿ ಸಾಕಾಗೋಗಿದೆ."

"ನಿಂಗೆ ಆಫೀಸಲ್ಲಿ ಸಾಕಾಗೋಗಿದೆ."

"ಹೂಂ. ಮ್ಯಾನೇಜರ್ ಹೇಳಿದ್ದೇ ಹೇಳ್ತಾನೆ."

"ಅವನು ಹೇಳಿದ್ದೇ ಹೇಳ್ತಾನೆ ಅಂತ ನಿಂಗೆ ಬೇಜಾರು."

"ಅಮ್ಮಾ, ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ, ನಾನು ಹೇಳಿದ್ದೇ ವಾಪಸ್ ಕೇಳಿಸ್ತಿದೆ. ನೀನು ಟೆರೇಸಿಗೆ ಹೋಗಿ ಮಾಡು." ಫೋನಿಟ್ಟಳು.

ಮೂರನೆಯದರಿಂದ ಮನೆಯ ಹುಳಿಯೇ ಹೋಯಿತು. ಉತ್ತರ ಅಮೆರಿಕದ ಮೂಲನಿವಾಸಿಗಳ ಕೂಟಗಳಲ್ಲಿ ಗರಿಯನ್ನೋ ಕೋಲನ್ನೋ ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ. ಅದು ಯಾರ ಕೈಯಲ್ಲಿದೆಯೋ ಅವರಿಗಷ್ಟೇ ಮಾತು. ಇವತ್ತಿನ ಎಷ್ಟೋ ಬಳಗಗಳು ಅದನ್ನೇ ಬಳಸುತ್ತವೆ. ಗರಿ ಎಲ್ಲಿಂದ ತರಲಿ? ಅಡುಗೆಮನೆಯಿಂದ ಹಿತ್ತಾಳೆ ಸೌಟು ತಂದೆ. ನಾನು, ಯಜಮಾನರು, ಅತ್ತೆ ನಡುಮನೆಯಲ್ಲಿ ಕೂತೆವು. ಅತ್ತೆಗೆ ಎಂಬತ್ತು ದಾಟಿದೆ. ಕಿವಿಯ ಮೆಷಿನ್ನು ಕುಂಯ್‌ಗುಡುತ್ತದೆ ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಹಿರಿಯರೆಂದು ಮೊದಲ ಸರದಿ ಅವರಿಗೇ ಕೊಟ್ಟೆ. ಅವರು ಸೌಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮಪ್ಪ ನಂಜನಗೂಡು ಜಾತ್ರೇಲಿ ಕೊಡಿಸಿದ್ದು. ಹಿಡಿ ಸಡಿಲ ಮಾಡಿದ್ದು ಯಾರು?" ಅಂತ ಶುರುಮಾಡಿದರು. ಜಾತ್ರೆಯಿಂದ ಅವರ ಮದುವೆಗೆ, ಮದುವೆಯಿಂದ ನನ್ನ ಮದುವೆಗೆ, ಅಲ್ಲಿ ನಮ್ಮ ತವರಿನವರು ಚಿರೋಟಿಗೆ ಹಾಲು ಸಾಲದ ಹಾಗೆ ಮಾಡಿದ್ದಕ್ಕೆ ಬಂದರು. ನಾನು ನಿಯಮ ಹಿಡಿದು ಕೇಳುತ್ತಲೇ ಇದ್ದೆ. ಯಜಮಾನರು ಎದ್ದು ನಿಂತು, ಕೈ ಅಡುಗೆಮನೆ ಕಡೆ ಚಾಚಿ, ಮೂಗು ತೋರಿಸಿ, ಮತ್ತೆ ಕೈ ಚಾಚಿ, ಏನೇನೋ ಅಭಿನಯ ಮಾಡಿದರು. ಕೇಳುವಾಗ ಗಮನ ಅತ್ತಿತ್ತ ಹರಿಯಬಾರದು ಅಂತ ಕಲಿತಿದ್ದ ನಾನು ಅವರ ಕಡೆ ನೋಡಲೇ ಇಲ್ಲ. ಹುಳಿ ತಳ ಹಿಡಿದು ಹೊಗೆ ನಡುಮನೆಗೆ ಬಂದಾಗ, "ಬಾಯಿಬಿಟ್ಟು ಹೇಳಬಾರದಿತ್ತಾ?" ಅಂತ ರೇಗಿದೆ.

"ಸೌಟು ಅಮ್ಮನ ಕೈಯಲ್ಲಿತ್ತಲ್ಲ" ಅಂದರು.

ಅತ್ತೆಯ ವಿಷಯ ಬಂತು ಅಂತ ಒಂದು ಮಾತು. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದ್ದ ತಾನ್ಯಾ ಸಿಂಗರ್ ಎಂಬ ವಿಜ್ಞಾನಿ, ಮಾಥ್ಯೂ ರಿಕಾರ್ ಎಂಬ ಫ್ರೆಂಚ್ ಬೌದ್ಧ ಸನ್ಯಾಸಿಯನ್ನು ಮಿದುಳಿನ ಸ್ಕ್ಯಾನರಿನೊಳಗೆ ಮಲಗಿಸಿ ಪರೀಕ್ಷೆ ಮಾಡಿದ್ದರಂತೆ. ಪರರ ನೋವನ್ನು ತನ್ನದೇ ನೋವಾಗಿ ಅನುಭವಿಸುತ್ತ ಹೋಗಿ ಅಂದಾಗ ಆ ಸನ್ಯಾಸಿಗೆ ಬೇಗನೆ ಸುಸ್ತಾಗಿ ಹೋಯಿತು. ಅದನ್ನು ಬಿಟ್ಟು, ಅವರಿಗೆ ಒಳ್ಳೆಯದಾಗಲಿ ಅನ್ನುವ ಕರುಣೆಯ ಕಡೆ ಹೊರಳಲು ಬಿಟ್ಟಾಗ ಉಸಿರು ತಿರುಗಿತು. ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಜಾಲಗಳು ಕೆಲಸ ಮಾಡುತ್ತವೆ ಅಂತ ಆ ವಿಜ್ಞಾನಿಗಳು ತೋರಿಸಿದರು. ಬಳಗ ನಡೆಸುವವರು ಎಲ್ಲರ ಅಳುವನ್ನೂ ಹೊತ್ತುಕೊಂಡರೆ ಕೆಲವೇ ತಿಂಗಳಲ್ಲಿ ಮನೆ ಸೇರುತ್ತಾರೆ ಅಂತ ನಮ್ಮ ಹುಡುಗಿ ಇದನ್ನು ಹೇಳಿದ್ದು.

ಸ್ಕ್ಯಾನರಿಗೆ ಅಷ್ಟು ದುಡ್ಡು ಸುರಿಯುವ ಬದಲು ಸಂಜೆ ನಮ್ಮ ಮನೆಗೆ ಬಂದಿದ್ದರೆ ಸಾಕಿತ್ತು. ಏಳೂವರೆಗೆ ಧಾರಾವಾಹಿ ಶುರುವಾದರೆ ಅತ್ತೆ, ಮಾತು ಕೇಳಿಸದಿದ್ದರೂ, ನಾಯಕಿಯ ಕಣ್ಣೀರು ನೋಡಿಯೇ ಗೋಳಾಡುತ್ತಾರೆ. ಮುಗಿಯುವ ಹೊತ್ತಿಗೆ ಬಿಪಿ ಏರಿರುತ್ತದೆ, ಊಟ ಬೇಡ ಅನ್ನುತ್ತಾರೆ, ಮಾತ್ರೆ ಕೊಟ್ಟು ಮಲಗಿಸಬೇಕು. ಅದೇ ಅತ್ತೆ ಬೆಳಿಗ್ಗೆ ಹೂವಿನವಳು ಕುಂಟುತ್ತ ಬಂದರೆ ಒಂದು ಹನಿ ಕಣ್ಣೀರು ಹಾಕುವುದಿಲ್ಲ. "ಕಾಲಿಗೇನಾಯ್ತೇ? ಕೂತ್ಕೋ ಮೊದಲು" ಅಂತ ಗದರಿ, ಹಳೇ ಪಂಚೆ ಹರಿದು, ಅರಿಶಿನ ಎಣ್ಣೆ ಬಿಸಿಮಾಡಿ ಕಟ್ಟಿ, ಕಾಫಿ ಕುಡಿಸಿ ಕಳಿಸುತ್ತಾರೆ. ಆಮೇಲೆ ಎರಡು ದೋಸೆ ಹೆಚ್ಚಾಗೇ ತಿನ್ನುತ್ತಾರೆ.

ಇಷ್ಟೆಲ್ಲ ಕಲಿತು ಪ್ರಮಾಣಪತ್ರ ತಂದು ಗೋಡೆಗೆ ಹಾಕಿದ ಮೇಲೆ ಬಳಗ ಶುರುವಾಯಿತು. ಗಣೇಶನನ್ನು ಕೂರಿಸುವ ಹಾಲಿನಲ್ಲಿ, ಶಾಮಿಯಾನದವರ ಕುರ್ಚಿ ಸುತ್ತಲೂ ಹಾಕಿ, ನಡುವೆ ದೀಪ ಇಟ್ಟೆವು. ಬಂದವರೆಲ್ಲ ಮೊದಲು ಮಾಡಿದ ಕೆಲಸವೆಂದರೆ ತಂತಮ್ಮ ಕುರ್ಚಿಯನ್ನು ಎಳೆದು ಸಾಲಾಗಿ ಹಾಕಿಕೊಂಡದ್ದು. "ಸುತ್ತ ಕೂತರೆ ಫ್ಯಾನ್ ಗಾಳಿ ಬರಲ್ಲ ಮೇಡಂ." ವೇದಿಕೆ ಎಲ್ಲಿ, ಅತಿಥಿಗಳು ಯಾರು, ಹಾರ ತಂದಿದೀರಾ ಅಂತ ಖಜಾಂಚಿಗಳು ಕೇಳಿದರು. ಬಸವಣ್ಣನವರ ವಚನದಿಂದ ಆರಂಭಿಸೋಣ ಅಂತ ಎದ್ದು ನಿಂತ ಮೇಷ್ಟ್ರೊಬ್ಬರು ದಯೆಯ ಮೇಲೆ ಮಾತಾಡಲು ಶುರುಮಾಡಿ, ದಯೆಯಿಲ್ಲದೆ ನಮ್ಮನ್ನು ಅರ್ಧ ಗಂಟೆ ಕೂರಿಸಿದರು.

ಕೊನೆಗೂ ಬ್ಯಾಂಕ್ ಕಾಲೋನಿ ಕಡೆಯ ಹೆಂಗಸೊಬ್ಬರು ಮೆಲ್ಲಗೆ, "ನಂಗೆ ರಾತ್ರಿ ನಿದ್ದೆ ಬರಲ್ಲ" ಅಂದರು. ನಾನು ಹುರುಪಿನಿಂದ ಕೈ ಮೇಲೆತ್ತಿ ಎಲ್ಲರಿಗೂ ನಿಯಮ ನೆನಪಿಸುವುದರೊಳಗೆ ಗಸಗಸೆ ಹಾಲು, ಬಲಮಗ್ಗುಲು, ಅಂಗಾಲಿಗೆ ಹರಳೆಣ್ಣೆ, ವಿಷ್ಣು ಸಹಸ್ರನಾಮ, ಮೊಬೈಲು ಹಾಸಿಗೆಯಿಂದ ದೂರ ಎಲ್ಲವೂ ಬಂದುಬಿಟ್ಟವು. ಎಂಜಿನಿಯರು ಮಂಚದ ದಿಕ್ಕು ಕೇಳಿದರು. ಇಷ್ಟಾದರೂ ಸುಮ್ಮನಿದ್ದವಳು ನಾನೊಬ್ಬಳೇ, ನಾಯಕಿಯಲ್ಲವೇ? ಆದರೆ ಗಸಗಸೆ ಹಾಲು ಸೂಚಿಸಿದವರು ಅದರ ಅಳತೆಯನ್ನು ತಪ್ಪಾಗಿ ಹೇಳಿದ್ದರು. ಅಷ್ಟನ್ನು ತಿದ್ದಿದೆ. ಆಕೆ "ಹೂಂ, ಹೂಂ" ಅನ್ನುತ್ತ ಸೆರಗಿನ ತುದಿ ಸುತ್ತಿಕೊಂಡು ಕೂತರು. ಯಾಕೆ ನಿದ್ದೆ ಬರುತ್ತಿಲ್ಲ ಅಂತ ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

'ಇಲ್ಲಿ ಹೇಳಿದ್ದು ಇಲ್ಲೇ' ಅನ್ನುವ ನಿಯಮದ ಕಥೆ ಬೇರೆ. ಮರುದಿನ ಬೆಳಿಗ್ಗೆ ಹಾಲಿನ ಬೂತಿನಲ್ಲಿ ನಿಂತಿದ್ದೆ. ಬಳಗಕ್ಕೇ ಬಾರದ ಒಬ್ಬರು ಹತ್ತಿರ ಬಂದು, "ಯಾರಿಗೋ ನಿದ್ದೆ ಬರಲ್ವಂತೆ. ಹೆಸರು ಹೇಳಬಾರದಂತಲ್ಲ, ಅದಕ್ಕೆ ಹೇಳಲ್ಲ. ಆ ಹಸಿರು ಗೇಟಿನ ಮನೆಯೋರು" ಅಂದರು.

ಮುಂದಿನ ಸಲ ಕುರ್ಚಿ ಅರ್ಧ ಖಾಲಿ. ಅದರ ಮುಂದಿನ ಸಲ ನಾನು, ಎಂಜಿನಿಯರು ಮತ್ತು ಬೀಗ ತೆಗೆಯಲು ಬಂದ ವಾಚ್‌ಮನ್. ಶುರುಮಾಡುವುದನ್ನು ಕಲಿತಿದ್ದೆ, ಬಾಳಿಸುವ ಪಾಠದ ಹೊತ್ತಿಗೆ ಮಧ್ಯಾಹ್ನದ ಊಟವಾಗಿ ಕಣ್ಣು ಎಳೆಯುತ್ತಿತ್ತು. ಹುಡುಗಿಗೆ ಫೋನ್ ಮಾಡಿದೆ. ಅವಳು ಬಂದು, ಖಾಲಿ ಕುರ್ಚಿಗಳನ್ನು ನೋಡಿ ಬೈಯುತ್ತಾಳೆ ಅಂದುಕೊಂಡರೆ, ಕೋಳಿಕ್ಕೋಡಿನ ಕಥೆ ಹೇಳಿದಳು.

ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ 1993ರಲ್ಲಿ ಡಾಕ್ಟರ್ ರಾಜಗೋಪಾಲ್, ಡಾಕ್ಟರ್ ಸುರೇಶ್ ಕುಮಾರ್ ಮತ್ತು ಗೆಳೆಯರು ಸೇರಿ, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಲು ಒಂದು ಸೊಸೈಟಿ ಕಟ್ಟಿದರು. ಡಾಕ್ಟರುಗಳು ಎಷ್ಟಿದ್ದರೂ ರೋಗಿ ದಿನದ ಬಹುಪಾಲು ಇರುವುದು ಮನೆಯಲ್ಲಿ, ಮನೆಯ ಪಕ್ಕದಲ್ಲಿ ಇರುವುದು ನೆರೆಯವರು. ಹೀಗಾಗಿ ಕೆಲವೇ ವರ್ಷಗಳಲ್ಲಿ ಪಕ್ಕದ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರ ಜಾಲವೇ ಹುಟ್ಟಿಕೊಂಡಿತು. ವಾರಕ್ಕೆ 2 ಗಂಟೆ ಕೊಡಬಲ್ಲವರು ಬನ್ನಿ, ಅಷ್ಟೇ ಷರತ್ತು. ಹದಿನಾರು ಗಂಟೆಯ ಪಾಠ, ಆಮೇಲೆ ನರ್ಸುಗಳ ಜೊತೆ ಮನೆಮನೆಗೆ ಹೋಗಿ ಕಲಿಯುವುದು. ಆಟೋ ಓಡಿಸುವವರು, ಗೃಹಿಣಿಯರು, ಕಾಲೇಜು ಹುಡುಗರು ಸೇರಿದರು. ಅಂಗಡಿ ಗಲ್ಲಾದ ಮೇಲಿನ ಡಬ್ಬಿಗೆ ಬಿದ್ದ ಚಿಲ್ಲರೆಯಿಂದಲೂ ಔಷಧಿ ಬಂತು. ರೋಗಿಯ ಮನೆಗೆ ಅಕ್ಕಿ, ಮಕ್ಕಳಿಗೆ ಪುಸ್ತಕ ಕೂಡ ಇವರದೇ ಉಸ್ತುವಾರಿ. 2008ರಲ್ಲಿ ಕೇರಳ ಸರಕಾರ ಇದಕ್ಕೆಂದೇ ನೀತಿ ತಂದಿತು, ದೇಶದಲ್ಲಿ ಮೊದಲು.

"ಆಂಟಿ, ಅಲ್ಲಿ ಯಾರೂ ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ಕಾಯಲಿಲ್ಲ" ಅಂದಳು ಹುಡುಗಿ. "ನಿಮ್ಮ ರಸ್ತೇಲಿ ಬರೋಕಾಗದೆ ಇರೋರು ಯಾರಿದಾರೆ?"

ಅದಕ್ಕೆ ಯೋಚನೆಯೇ ಬೇಕಿರಲಿಲ್ಲ. ಮೂಲೆಮನೆಯವರು. ಆ ಮನೆಯ ಯಜಮಾನರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ. ಮಾತು ಕಳೆದುಹೋಗಿ, ಒಂದೊಂದೇ ಪದವಾಗಿ ವಾಪಸು ಬರುತ್ತಿದೆ. ಅವರ ಹೆಂಡತಿ ಹೊರಗೆ ಕಾಣಿಸಿಕೊಂಡೇ ತಿಂಗಳುಗಳಾಗಿದ್ದವು. ನಾನು ಎಲ್ಲ ಪಾಠ ಮನಸ್ಸಿನಲ್ಲೇ ಒಮ್ಮೆ ತಿರುವಿಹಾಕಿ, ನಮ್ಮೆಜಮಾನರನ್ನೂ ಎಳೆದುಕೊಂಡು ಹೋದೆ. ಬಾಗಿಲಲ್ಲೇ ಆಕೆಯ ಕೈ ಹಿಡಿದು, ಹದವಾದ ದನಿಯಲ್ಲಿ, "ಹೇಗಿದೀರಿ? ಏನು ಬೇಕಾದ್ರೂ ಹೇಳ್ಕೊಳಿ, ನಾನು ಕೇಳ್ತೀನಿ" ಅಂದೆ.

"ಹೇಳ್ಕೊಳೋದೇನಿಲ್ಲ ಅಕ್ಕ. ಒಂದು ಗಂಟೆ ಇವರ ಹತ್ರ ಕೂತಿರ್ತೀರಾ? ತಲೆಗೆ ನೀರು ಹಾಕ್ಕೋಬೇಕು."

ಆಕೆಯ ಕೂದಲು ನೋಡಿದೆ. ಬಾಚದೆ, ಒಂದು ರಬ್ಬರ್ ಬ್ಯಾಂಡಿನಲ್ಲಿ ಗಂಟು ಹಾಕಿದ್ದು, ಅಂಚಿನಲ್ಲೆಲ್ಲ ಸಿಕ್ಕು. ದಿನಾ ಅವಸರದಲ್ಲಿ ಮೈಗೆ ಎರಡು ಚೊಂಬು ಹುಯ್ದುಕೊಂಡು ಓಡಿಬರುವವರಿಗೆ ಎಣ್ಣೆ ಹಚ್ಚಿ, ಸೀಗೆಪುಡಿ ಕಲಸಿ, ತಲೆ ಉಜ್ಜಿಕೊಳ್ಳಲು ಪುರಸೊತ್ತೆಲ್ಲಿ? ಆಕೆ ಬಚ್ಚಲಿಗೆ ಹೋದರು. ನಾನು ಮಂಚದ ಪಕ್ಕ ಕೂತೆ.

ಅವರು ಏನೋ ಹೇಳಲು ಬಾಯಿ ತೆರೆದರು. "ಫ... ಫ..." ಅಂದರು. "ಫೋನಾ?" ಅಂದೆ. ತಲೆಯಲ್ಲಾಡಿಸಿದರು. "ಫಲಾಹಾರ? ಹಣ್ಣು ಬೇಕಾ? ಫ್ಲಾಸ್ಕ್? ಬಿಸಿನೀರು ಕೊಡ್ಲಾ? ಫೈಲಾ? ಯಾವ ಫೈಲು, ಆಸ್ಪತ್ರೇದಾ?" ಉತ್ತರ ಗೊತ್ತಿರುವ ಹುಡುಗ ನಿಂತು ತಡವರಿಸುವಾಗ ಬಾಯಿಗೆ ಉತ್ತರ ತುರುಕುತ್ತಿದ್ದವಳು, ಬಿಡುತ್ತೇನೆಯೇ? ಅವರು ಎಡಗೈಯಿಂದ ಹೊದಿಕೆ ಗುದ್ದಿ, ಕಣ್ಣು ಮುಚ್ಚಿಕೊಂಡುಬಿಟ್ಟರು. ನಾನು ಗಾಬರಿಯಿಂದ ಯಜಮಾನರ ಕಡೆ ನೋಡಿದೆ. ಅವರು ಎದ್ದು ನನ್ನನ್ನು ಹಿಂದಕ್ಕೆ ಸರಿಸಿ, ಆ ಕುರ್ಚಿಯಲ್ಲಿ ತಾವು ಕೂತರು. ಕೂತರು ಅಷ್ಟೇ. ಗಡಿಯಾರದ ಮುಳ್ಳು ಸರಿಯುವ ಸದ್ದು ಕೇಳಿಸುವಷ್ಟು ಹೊತ್ತು ಕೂತರು. ಕಣ್ಣು ತೆರೆಯಿತು. "ಫ..." ಯಜಮಾನರು ಅಲ್ಲಾಡಲಿಲ್ಲ. "ಫ... ಫ್ಯಾ..." ಆಗಲೂ ಅಲ್ಲಾಡಲಿಲ್ಲ. ನನಗೆ ನಾಲಿಗೆಯ ತುದಿ ಕಚ್ಚಿ ಹಿಡಿದುಕೊಳ್ಳಬೇಕಾಯಿತು. "ಫ್ಯಾನ್" ಅಂದರು ಅವರು, ಪೂರ್ತಿ. ಯಜಮಾನರು ಎದ್ದು ಫ್ಯಾನ್ ನಿಲ್ಲಿಸಿದರು. ಅದರ ಗಾಳಿ ನೇರವಾಗಿ ಅವರ ಮುಖಕ್ಕೆ ಹೊಡೆಯುತ್ತಿತ್ತು.

ಆಕೆ ತಲೆಗೆ ಟವೆಲು ಸುತ್ತಿಕೊಂಡು ಬಂದಾಗ ಇನ್ನೊಂದು ಮಾತು ಹೊರಬಂತು. ನವೆಂಬರ್ ಮುಗಿಯುತ್ತ ಬಂದಿತ್ತು, ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಇವರನ್ನು ಬ್ಯಾಂಕಿಗೆ ಹೊತ್ತೊಯ್ಯುವುದು ಹೇಗೆ ಅಂತ ಆಕೆಗೆ ರಾತ್ರಿಯೆಲ್ಲ ಚಿಂತೆ. ಯಜಮಾನರು ಜೇಬಿನಿಂದ ಮೊಬೈಲು ತೆಗೆದರು. ಜೀವನ್ ಪ್ರಮಾಣ್ ಆ್ಯಪ್ ತೆರೆದು, ಆಧಾರ್ ಸಂಖ್ಯೆ ಒತ್ತಿ, ಮೊಬೈಲನ್ನು ರೋಗಿಯ ಮುಖದ ಮುಂದೆ ಹಿಡಿದರು. ಪರದೆ ಕಣ್ಣು ಮಿಟುಕಿಸಿ ಅಂತು. ಅವರು ಮಿಟುಕಿಸಿದರು. ಬದುಕಿದ್ದಾರೆ ಅಂತ ಸರಕಾರ ಒಪ್ಪಿಕೊಂಡಿತು. ಆಕೆ ಟವೆಲಿನ ತುದಿಯಲ್ಲಿ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿ, "ಕಾಫಿ ಕುಡೀರಕ್ಕ" ಅಂದರು. ಇವರಿಗೆ ಮಾತ್ರ "ಮತ್ತೆ ಯಾವಾಗ ಬರ್ತೀರಣ್ಣ?" ಅಂತ ಕೇಳಿದರು.

ಅಲ್ಲಿಂದ ನಮ್ಮ ಬಳಗದ ದಾರಿ ಬದಲಾಯಿತು. ಹಾಲಿನ ಕುರ್ಚಿ ಕಡಿಮೆಯಾಯಿತು, ಒಂದು ದಪ್ಪ ರಿಜಿಸ್ಟರ್ ಬಂತು. ಯಾರ ಮನೆಯಲ್ಲಿ ಯಾರು ಯಾವ ದಿನ ಎರಡು ಗಂಟೆ ಕೂರುತ್ತಾರೆ ಅಂತ ಅಡ್ಡಗೆರೆ ಉದ್ದಗೆರೆ ಹೊಡೆದು ಬರೆಯುವ ಕೆಲಸ ನನ್ನದು. ಗಣಿತದವಳಲ್ಲವೇ, ವೇಳಾಪಟ್ಟಿ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಿರಾಣಿ ಅಂಗಡಿಯವರು ಗಲ್ಲಾದ ಮೇಲೆ ಡಬ್ಬಿ ಇಡಲು ಒಪ್ಪಿದರು. ಡಬ್ಬಿಯ ಕೀಲಿಕೈ ಯಾರ ಹತ್ತಿರ ಇರಬೇಕು ಅನ್ನುವುದಕ್ಕೆ ಸಂಘದಲ್ಲಿ ಎರಡು ಸಭೆ ಹಿಡಿದವು. ಆಮೇಲೆ ಬಳಗಕ್ಕೆ ಬಂದವರಿಗೆ ಕೊಡುವ ಒಗ್ಗರಣೆ ಅವಲಕ್ಕಿಗೆ ಯಾವ ಲೆಕ್ಕದಿಂದ ದುಡ್ಡು ತೆಗೆಯಬೇಕು ಅಂತ ಮೂರನೆಯದು. ಕರುಣೆಗೆ ಬಜೆಟ್ ಇಲ್ಲ ಅಂತ ಖಜಾಂಚಿಗಳು ಬರೆದೇ ಕೊಟ್ಟರು. ತಿಂಗಳಿಗೊಮ್ಮೆ ಎಲ್ಲರೂ ಸುತ್ತ ಕೂರುವುದು ಮಾತ್ರ ಬಿಟ್ಟಿಲ್ಲ. ಈಗ ನಾಯಕತ್ವ ಸರದಿಯ ಮೇಲೆ. ಅತ್ತೆ ನಡೆಸಿದ ಸಲ ಬಳಗ ಬಹಳ ಚೆನ್ನಾಗಿ ಹೋಯಿತು: ಕಿವಿಯ ಮೆಷಿನ್ನಿಲ್ಲದೆ, ಪ್ರತಿಯೊಬ್ಬರ ಮುಖವನ್ನೂ ಕಣ್ಣು ಕಿರಿದು ಮಾಡಿ ನೋಡುತ್ತ ಕೂತಿದ್ದರು. ಹಸಿರು ಗೇಟಿನ ಮನೆಯಾಕೆ ತಮಗೆ ಯಾಕೆ ನಿದ್ದೆ ಬರುವುದಿಲ್ಲ ಅಂತ ಅವತ್ತು ಪೂರ್ತಿ ಹೇಳಿದರು. ಏನು ಅಂತ ನಾನು ಹೇಳುವುದಿಲ್ಲ. ಹಾಲಿನ ಬೂತಿನಲ್ಲಿ ಕೇಳಿಕೊಳ್ಳಿ ಅಂತಲೂ ಹೇಳುವುದಿಲ್ಲ, ಈ ಸಲ ಅಲ್ಲಿಗೂ ಹೋಗಲಿಲ್ಲ.

ಹುಡುಗಿ ಒಂದು ವಿಷಯದಲ್ಲಿ ಮಾತ್ರ ತಮಾಷೆಗೆ ಎಡೆಗೊಡಲಿಲ್ಲ. ಬಳಗ ಆಸ್ಪತ್ರೆಯಲ್ಲ, ಯಾರಾದರೂ ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಕೇಳಿ ಸುಮ್ಮನಾಗುವಂತಿಲ್ಲ, ಜೊತೆಗಿದ್ದು ನುರಿತವರ ಹತ್ತಿರ ಸೇರಿಸಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಂಖ್ಯೆ 14416 ಎಲ್ಲರ ಮನೆಯಲ್ಲೂ ಇರಲಿ ಅಂದಳು. ಬೆಂಗಳೂರಿನ ನಿಮ್ಹಾನ್ಸ್‌ನ ಉಸ್ತುವಾರಿ, ಹಗಲೂ ರಾತ್ರಿಯೂ ಕರೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಫ್ರಿಜ್ಜಿನ ಬಾಗಿಲಿಗೆ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ ಅಂಟಿಸಿದ್ದೇನೆ. ಎಂಜಿನಿಯರು ಯಾವುದನ್ನೂ ಪರೀಕ್ಷಿಸದೆ ನಂಬುವವರಲ್ಲ. ಎತ್ತುತ್ತಾರೋ ಇಲ್ಲವೋ ನೋಡೋಣ ಅಂತ ಒಂದು ರಾತ್ರಿ ಅವರೇ ಕರೆ ಮಾಡಿದರಂತೆ. ಹೆಂಡತಿ ಹೋದಮೇಲೆ ಆ ಮನೆಯಲ್ಲಿ ಅವರೊಬ್ಬರೇ. "ಎತ್ತುತ್ತಾರೆ" ಅಂತ ಮಾರನೆಯ ದಿನ ನನಗೆ ವರದಿ ಒಪ್ಪಿಸಿದರು. ಪರೀಕ್ಷೆಗೆ ಎಷ್ಟು ಹೊತ್ತು ಹಿಡಿಯಿತು ಅಂತ ನಾನು ಕೇಳಲಿಲ್ಲ. ನಾನು ಕೇಳದೆ ಬಿಟ್ಟದ್ದಕ್ಕೆ ಮನೆಯಲ್ಲಿ ಯಜಮಾನರು ಹುಬ್ಬೇರಿಸಿದರು.

ಈಗ ನನ್ನ ತೊಂದರೆ ಏನೆಂದರೆ ರಿಜಿಸ್ಟರಿನಲ್ಲಿ ಎಲ್ಲರೂ ನಮ್ಮೆಜಮಾನರನ್ನೇ ಕೇಳುತ್ತಾರೆ. ಮೂಲೆಮನೆಯವರಿಗೆ ಇವರೇ ಬೇಕು. ಹಿಂದಿನ ರಸ್ತೆಯಲ್ಲಿ ಮರೆವಿನ ಕಾಯಿಲೆಯ ಅಜ್ಜಿಯೊಬ್ಬರಿದ್ದಾರೆ, ಇವರನ್ನು ತಮ್ಮ ಒಡಹುಟ್ಟಿದ ತಮ್ಮ ಅಂದುಕೊಂಡಿದ್ದಾರೆ. ಇವರು ಅಲ್ಲ ಅನ್ನುವುದಿಲ್ಲ, ಹೌದು ಅನ್ನುವುದೂ ಇಲ್ಲ, ಅಜ್ಜಿ ಬಿಡಿಸಿಕೊಟ್ಟ ಕಡಲೇಕಾಯಿ ತಿಂದು ಬರುತ್ತಾರೆ. ತರಬೇತಿ ಆದದ್ದು ನನಗೆ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಮಾಣಪತ್ರ ನನ್ನದು, ಬ್ಯಾಡ್ಜು ನನ್ನದು. ಮುಂದಿನ ತರಬೇತಿಗೆ ನೀವೇ ಹೋಗಿ ಅಂದೆ. "ಅಲ್ಲಿ ಮಾತಾಡಿಸ್ತಾರಂತಲ್ಲ, ನಾನೊಲ್ಲೆ" ಅಂದರು.

ಹೋದ ಶನಿವಾರ ಅಜ್ಜಿಯ ಮನೆಗೂ ಮೂಲೆಮನೆಗೂ ಒಂದೇ ಹೊತ್ತು ಬಿತ್ತು. ಇವರನ್ನು ಅಜ್ಜಿಯ ಮನೆಗೆ ಬರೆದು, ಮೂಲೆಮನೆಗೆ ನನ್ನ ಹೆಸರು ಹಾಕಿದೆ. ವಾರವೆಲ್ಲ ನಾಲಿಗೆ ಬಿಗಿಹಿಡಿಯುವ ಅಭ್ಯಾಸ ಮಾಡಿಕೊಂಡಿದ್ದೆ. ಶುಕ್ರವಾರ ರಾತ್ರಿಯೇ ಮೂಲೆಮನೆಯಿಂದ ಫೋನ್ ಬಂತು.

"ಅಕ್ಕ, ಅಣ್ಣನಿಗೆ ಹುಷಾರಿಲ್ವಾ?"

"ಹುಷಾರಾಗಿದಾರಲ್ಲ, ಯಾಕೆ?"

"ಪಟ್ಟೀಲಿ ನಿಮ್ಮ ಹೆಸರಿತ್ತು, ಅದಕ್ಕೇ ಕೇಳ್ದೆ. ಪರವಾಗಿಲ್ಲ ಅಕ್ಕ, ಅವರಿಗೆ ಬಿಡುವಾದಾಗಲೇ ಬರಲಿ. ನಮಗೇನೂ ಅವಸರ ಇಲ್ಲ."